ಕುಂಡದ ಬಟನ್ ರೋಸ್ ದಿನೇ ದಿನೇ ಸೊರಗುತ್ತಿದೆ, ಏನು ಮಾಡಲಿ?

ಕಿಟಕಿಪಕ್ಕದವಳು · ಮಾರ್ಚ್ 12

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರು, ವಿದ್ಯಾರಣ್ಯಪುರ. ಬಾಡಿಗೆ ಮನೆ, ಮೊದಲನೇ ಮಹಡಿ, ಪೂರ್ವಕ್ಕೆ ಪುಟ್ಟ ಬಾಲ್ಕನಿ. ಬೆಳಗ್ಗೆ ಏಳರಿಂದ ಹನ್ನೊಂದೂವರೆ ತನಕ ಬಿಸಿಲು ಬೀಳುತ್ತದೆ.

ಜನವರಿ ಕೊನೆಯಲ್ಲಿ ರಸ್ತೆ ಬದಿಯ ನರ್ಸರಿಯಿಂದ ಒಂದು ಬಟನ್ ರೋಸ್ ತಂದೆ. ‘ಕಾಶ್ಮೀರಿ ರೋಸ್ ಮೇಡಂ, ವರ್ಷಪೂರ್ತಿ ಹೂ’ ಅಂದಿದ್ದರು. ತಂದ ದಿನ ಹದಿನಾಲ್ಕು ಹೂ ಇತ್ತು, ಎಣಿಸಿದ್ದೆ. ಕಡು ಗುಲಾಬಿ ಬಣ್ಣ, ಒಂದೊಂದೂ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಮಣ್ಣಿನ ಮುದ್ದೆ ಸಮೇತ ಎಂಟು ಇಂಚಿನ ಪ್ಲಾಸ್ಟಿಕ್ ಕುಂಡಕ್ಕೆ ಹಾಕಿಟ್ಟೆ.

ಒಂದೂವರೆ ತಿಂಗಳಾಯಿತು. ಈಗ ಒಂದು ಮೊಗ್ಗೂ ಇಲ್ಲ. ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ಇರುವ ಎಲೆಗಳ ಅಂಚು ಬೆಂಕಿ ತಾಗಿಸಿದ ಹಾಗೆ ಕಂದಾಗಿದೆ. ಎರಡು ಕಡ್ಡಿ ತುದಿಯಿಂದ ಕಪ್ಪಾಗುತ್ತಾ ಕೆಳಗೆ ಬರುತ್ತಿವೆ. ನೀರು ಒಂದು ದಿನವೂ ತಪ್ಪಿಸಿಲ್ಲ. ಯೂಟ್ಯೂಬ್ ನೋಡಿ ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಟೀ ಸೊಪ್ಪು ಎಲ್ಲ ಹಾಕಿದೆ. ಪಕ್ಕದ ಮನೆಯವರು ಒಂದು ಚಮಚ ಡಿಎಪಿ ರಾಸಾಯನಿಕ ಗೊಬ್ಬರ ಕೊಟ್ಟರು, ಅದನ್ನೂ ಹಾಕಿದೆ.

ಇದು ನನ್ನ ಮೂರನೇ ಗುಲಾಬಿ ಗಿಡ. ಮೊದಲಿನ ಎರಡೂ ಹೀಗೇ ಹೋದವು. ನನ್ನ ಕೈಗುಣವೇ ಸರಿ ಇಲ್ಲ ಅಂತ ಅಮ್ಮ ಹೇಳಲು ಶುರು ಮಾಡಿದ್ದಾರೆ.

ಧಾರವಾಡ ಪೇಢೆ · ಮಾರ್ಚ್ 12

ಮೊದಲು ಆ ತಿನ್ನಿಸೋದು ನಿಲ್ಲಿಸ್ರಿ ಅಕ್ಕಾರ. ಜ್ವರ ಬಂದು ಮಲಗಿದವರಿಗೆ ಹೋಳಿಗೆ ಊಟ ಬಡಿಸ್ತಾರೇನ್ರಿ? ಸೊರಗಿದ ಗಿಡಕ್ಕೆ ಗೊಬ್ಬರ ಹಾಕಬಾರದು. ಅದರಾಗ ಡಿಎಪಿ ಅಂದ್ರ ಖಾರ. ಹೊಸ ಚಿಗುರು ಬರೋ ತನಕ ಏನೂ ಬ್ಯಾಡ. ಮೊಟ್ಟೆ ಸಿಪ್ಪೆ ಕರಗೋ ಹೊತ್ತಿಗೆ ನಿಮ್ಮ ಗಿಡ ಮೊಮ್ಮಕ್ಕಳನ್ನ ಕಂಡಿರ್ತದ. ಟೀ ಸೊಪ್ಪಿನಾಗ ಸಕ್ಕರೆ ಉಳಿದಿದ್ರ ಇರುವೆ ಬರ್ತಾವ, ಅಷ್ಟ.

ಹೊಸಪೇಟೆ ಬಿಸಿಲು · ಮಾರ್ಚ್ 12

ಮಾರ್ಚ್ ತಿಂಗಳು ಅಂದ ಕೂಡಲೇ ನನಗೆ ನೆನಪಾಗೋದು ಜೇಡನುಸಿ. ಕೆಂಪು ಮೈಟ್ ಅಂತಾರಲ್ಲ, ಅದು. ನಮ್ಮ ಕಡೆ ಬಿಸಿಲಿಗೆ ಇದು ಹೇಗೆ ಹೆಚ್ಚುತ್ತದೆ ಅಂದರೆ, ಸೋಮವಾರ ಹಸಿರಾಗಿದ್ದ ಗಿಡ ಮುಂದಿನ ಸೋಮವಾರಕ್ಕೆ ಬೂದಿ ಬಳಿದ ಹಾಗೆ ಆಗಿರುತ್ತದೆ. ಸೆಖೆಯಲ್ಲಿ ಅದಕ್ಕೆ ಒಂದು ತಲೆಮಾರು ಮುಗಿಯಲು ಒಂದು ವಾರ ಸಾಕು.

ಪರೀಕ್ಷೆ ಸುಲಭ. ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಎಲೆಯನ್ನು ಮೂರು ನಾಲ್ಕು ಸಲ ತಟ್ಟಿ. ಬಿದ್ದ ಧೂಳಿನ ಕಣಗಳನ್ನು ಒಂದು ನಿಮಿಷ ನೋಡುತ್ತಾ ಇರಿ. ನಡೆದಾಡಿದರೆ ಮೈಟ್. ಬೆರಳಲ್ಲಿ ಒರೆಸಿದರೆ ಕೆಂಪು ಗೀರು ಮೂಡುತ್ತದೆ. ಎಲೆಯ ಹಿಂಬದಿ ಸಣ್ಣ ಬಲೆ ಇದೆಯಾ ಅದನ್ನೂ ನೋಡಿ.

ಇದ್ದರೆ ಪೈಪ್ ಹಿಡಿದು ಎಲೆಯ ಹಿಂಬದಿಗೆ ಜೋರಾಗಿ ನೀರು ಹೊಡೆಯಿರಿ, ಮೂರು ದಿನಕ್ಕೊಮ್ಮೆ, ನಾಲ್ಕೈದು ಸಲ. ಸಾಮಾನ್ಯ ಹುಳದ ಔಷಧಿ ತಂದು ದುಡ್ಡು ಕಳೆಯಬೇಡಿ. ಇದು ಎಂಟು ಕಾಲಿನ ಪ್ರಾಣಿ, ಜೇಡದ ಜಾತಿ, ಹುಳದ ಔಷಧಿಗೆ ಬಗ್ಗುವುದಿಲ್ಲ. ಉಲ್ಟಾ ಅದನ್ನು ತಿನ್ನುವ ಒಳ್ಳೆಯ ಹುಳಗಳು ಸತ್ತು ಮೈಟ್ ಇನ್ನೂ ಜಾಸ್ತಿಯಾಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಬೇವಿನ ಸೋಪು, ಹೊಂಗೆ ಸೋಪು ಸಿಗುತ್ತದೆ. ನಾನು ಅದನ್ನೇ ಸಂಜೆ ಹೊತ್ತು ಹೊಡೆಯುತ್ತೇನೆ. ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಬೇಡ, ಎಲೆ ಸುಡುತ್ತದೆ.

ಕರಾವಳಿ ಕನಕಾಂಬರ · ಮಾರ್ಚ್ 13

ಹಳದಿ ಎಲೆ ಉದುರುತ್ತದೆ ಅಂದರೆ ಕಪ್ಪು ಚುಕ್ಕೆ ರೋಗ ಇರಬಹುದಲ್ಲವಾ? ನಮ್ಮ ಉಡುಪಿಯಲ್ಲಿ ಜೂನ್ ಬಂತೆಂದರೆ ಗುಲಾಬಿ ಸಾಕುವುದೇ ಬೇಡ ಅನ್ನಿಸುತ್ತದೆ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಆ ಶಿಲೀಂಧ್ರ ಒಳಗೆ ಹೊಕ್ಕುತ್ತದೆ. ಇಲ್ಲಿ ಎಲೆ ಒಣಗುವುದೇ ದೀಪಾವಳಿಗೆ. ಎಲೆ ಮೇಲೆ ದುಂಡಗೆ, ಅಂಚು ಹರಿದ ಹಾಗೆ ಕಪ್ಪು ಚುಕ್ಕೆ ಉಂಟಾ ನೋಡಿ.

ಮ್ಯೂನಿಕ್ ಮಲ್ಲಿಗೆ · ಮಾರ್ಚ್ 13

ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಹಾಲು, ಬ್ರೆಡ್ ಪಕ್ಕದಲ್ಲೇ ಪುಟ್ಟ ಗುಲಾಬಿ ಕುಂಡ ಮಾರುತ್ತಾರೆ. ಕೊರ್ಡಾನಾ, ಪರೇಡ್ ಅಂತೆಲ್ಲ ಹೆಸರು. ಸಾಮಾನ್ಯವಾಗಿ ಅದು ಒಂದು ಗಿಡ ಅಲ್ಲ. ತುಂಬಿದ ಹಾಗೆ ಕಾಣಲಿ ಅಂತ ಅಂಗೈಯಗಲದ ಕುಂಡದಲ್ಲಿ ಮೂರು ನಾಲ್ಕು ಕಡ್ಡಿ ನೆಟ್ಟು ಬೆಳೆಸಿರುತ್ತಾರೆ. ಮನೆಗೆ ಬಂದ ಮೇಲೆ ನಾಲ್ಕೂ ಒಂದೇ ಹಿಡಿ ಮಣ್ಣಿಗೆ ಜಗಳ. ನಿಮ್ಮ ಗಿಡದ ಬುಡದಲ್ಲಿ ಎಷ್ಟು ಕಾಂಡ ಮಣ್ಣಿಂದ ಬೇರೆ ಬೇರೆಯಾಗಿ ಏಳುತ್ತಿವೆ ನೋಡಿ.

ಇನ್ನೊಂದು ಮಾತು. ಇದನ್ನು ಒಳಗಿಡುವ ಗಿಡ ಅಂತ ಮಾರುತ್ತಾರೆ, ನಾನೂ ನಂಬಿ ಎರಡು ಗಿಡ ಕೊಂದೆ. ಗಾತ್ರ ಚಿಕ್ಕದು ಅಷ್ಟೇ, ಸ್ವಭಾವ ಪೂರ್ತಿ ಗುಲಾಬಿಯದ್ದೇ. ಬಿಸಿಲು, ಗಾಳಿ ಬೇಕೇ ಬೇಕು.

ಕಿಟಕಿಪಕ್ಕದವಳು · ಮಾರ್ಚ್ 13

ಎಲ್ಲರಿಗೂ ಧನ್ಯವಾದ. ಬೆಳಗ್ಗೆ ಮಗಳ ಡ್ರಾಯಿಂಗ್ ಹಾಳೆ ತಂದು ಎಲೆ ತಟ್ಟಿದೆವು. ಐದು ನಿಮಿಷ ಇಬ್ಬರೂ ಕಣ್ಣು ಮಿಟುಕಿಸದೆ ಕೂತೆವು. ಏನೂ ನಡೆದಾಡಲಿಲ್ಲ, ಬರೀ ರಸ್ತೆ ಧೂಳು. ಬಲೆಯೂ ಇಲ್ಲ. ಕಪ್ಪು ಚುಕ್ಕೆಯೂ ಇಲ್ಲ. ಕಂದು ಬಣ್ಣ ಇರುವುದು ಅಂಚಿನಲ್ಲಿ, ತುದಿಯಲ್ಲಿ ಮಾತ್ರ. ಬುಡದಲ್ಲಿ ಒಂದೇ ಕಾಂಡ.

ಆದರೆ ಹತ್ತಿರದಿಂದ ನೋಡುವಾಗ ಇನ್ನೊಂದು ಕಂಡಿತು. ಮಣ್ಣಿನ ಮೇಲೆ, ಕುಂಡದ ಒಳ ಅಂಚಿನ ಸುತ್ತ ಬಿಳಿ ಪುಡಿ ಕಟ್ಟಿದೆ. ಉಗುರಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಬರುತ್ತದೆ. ಇದು ಬೂಷ್ಟಾ?

ಮೈಸೂರು ತಾರಸಿ · ಮಾರ್ಚ್ 13

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈಗ ಕೇಳಲೇಬೇಕು. ಬೂಷ್ಟು ಹತ್ತಿಯ ಹಾಗೆ ಇರುತ್ತದೆ, ಚಕ್ಕೆಯಾಗಿ ಏಳುವುದಿಲ್ಲ. ಅದು ಉಪ್ಪು. ನಿಮ್ಮ ಮನೆ ಬಕೆಟ್ಟಿನ ಒಳಗೆ, ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ ಜಾತಿ.

ಎರಡು ಪ್ರಶ್ನೆ. ಗಿಡಕ್ಕೆ ಹಾಕುವುದು ಯಾವ ನೀರು? ಕುಂಡದ ಕೆಳಗೆ ತಟ್ಟೆ ಇಟ್ಟಿದ್ದೀರಾ?

ಕಿಟಕಿಪಕ್ಕದವಳು · ಮಾರ್ಚ್ 13

ತಟ್ಟೆ ಇದೆ ಸರ್. ಕೆಳಗಿನ ಮನೆಯವರ ಬಟ್ಟೆ ಮೇಲೆ ನೀರು ಸೋರುತ್ತದೆ ಅಂತ ಜಗಳ ಆಗಿತ್ತು.

ನೀರು... ಅಡುಗೆಮನೆ ವಾಟರ್ ಫಿಲ್ಟರಿನ ಪೈಪಿಂದ ಬರುತ್ತದಲ್ಲ, ಆ ವೇಸ್ಟ್ ನೀರು. ಆರ್‌ಒ ಫಿಲ್ಟರ್. ಒಂದು ಲೀಟರ್ ಕುಡಿಯುವ ನೀರಿಗೆ ಮೂರು ಲೀಟರ್ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಅದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ಸಿಂಕ್ ಕೆಳಗೆ ಬಕೆಟ್ ಇಟ್ಟು ಹಿಡಿದು ಅದನ್ನೇ ಗಿಡಗಳಿಗೆ ಹಾಕುತ್ತೇನೆ. ತಪ್ಪಾ?

ಮೈಸೂರು ತಾರಸಿ · ಮಾರ್ಚ್ 13

ಸಿಕ್ಕಿತು ನೋಡಿ ಕಳ್ಳ.

ಆರ್‌ಒ ಮಾಡುವ ಕೆಲಸವೇ ಉಪ್ಪನ್ನು ಬೇರೆ ಮಾಡುವುದು. ನಾಲ್ಕು ಲೀಟರ್ ನೀರಿನ ಉಪ್ಪನ್ನೆಲ್ಲ ಮೂರು ಲೀಟರಿಗೆ ತುಂಬಿ ಆಚೆ ಕಳಿಸುತ್ತದೆ. ಆ ಮೂರು ಲೀಟರ್ ನಿಮ್ಮ ಬಕೆಟ್ಟಿಗೆ ಬರುತ್ತದೆ. ಮೂಲ ನೀರು ಕಾವೇರಿಯಾದರೆ ಅಷ್ಟೇನೂ ಬಾಧೆ ಇಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ಆದರೆ ಗುಲಾಬಿ ತಡೆಯುವುದಿಲ್ಲ. ಗಿಡ ಬಹುಪಾಲು ನೀರನ್ನೇ ಕುಡಿಯುತ್ತದೆ, ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಕುಂಡದಲ್ಲೇ ಉಳಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ. ಕೆಳಗೆ ಸೋರಿ ಹೋಗೋಣ ಅಂದರೆ ತಟ್ಟೆ ಇದೆ. ತಟ್ಟೆಗೆ ಇಳಿದದ್ದನ್ನು ಮಣ್ಣು ಮತ್ತೆ ಮೇಲಕ್ಕೆ ಹೀರಿಕೊಳ್ಳುತ್ತದೆ. ಇದರ ಮೇಲೆ ಒಂದು ಚಮಚ ಡಿಎಪಿ. ಅದೂ ಉಪ್ಪೇ.

ಮಣ್ಣಲ್ಲಿ ಉಪ್ಪು ಜಾಸ್ತಿಯಾದರೆ ನೀರಿದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಉಪ್ಪಿನಕಾಯಿ ಜಾಡಿಯಲ್ಲಿ ಮಾವಿನಕಾಯಿ ಮುದುಡುತ್ತದಲ್ಲ, ಹಾಗೆ. ಎಲೆಗೆ ಸೇರಿದ ಉಪ್ಪು ಅಂಚಲ್ಲಿ, ತುದಿಯಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ಅಂಚು ಸುಡುವುದು. ನಿಮ್ಮ ಮೊದಲಿನ ಎರಡು ಗಿಡಕ್ಕೂ ಇದೇ ನೀರಾ?

ಕಿಟಕಿಪಕ್ಕದವಳು · ಮಾರ್ಚ್ 13

ಹೌದು ಸರ್. ಮೂರು ವರ್ಷದಿಂದ ಇದೇ ನೀರು.

ಧಾರವಾಡ ಪೇಢೆ · ಮಾರ್ಚ್ 14

ಅಯ್ಯಯ್ಯ. ನಮ್ಮ ಮನ್ಯಾಗೂ ಅದೇ ಬಕೆಟ್ ಅದ. ನಮ್ಮ ದಾಸವಾಳಕ್ಕ ಏನೂ ಆಗಿಲ್ಲ ಮತ್ತ?

ಮೈಸೂರು ತಾರಸಿ · ಮಾರ್ಚ್ 14

ನೆಲದಲ್ಲಿದೆಯಾ ಕುಂಡದಲ್ಲಿದೆಯಾ? ನೆಲದಲ್ಲಿದ್ದರೆ ಮಳೆಗಾಲ ಬಂದು ತೊಳೆದುಕೊಂಡು ಹೋಗುತ್ತದೆ. ಗಟ್ಟಿ ಜೀವದ ಗಿಡಗಳು ಸಹಿಸಿಕೊಳ್ಳುತ್ತವೆ. ಸೂರಿನ ಕೆಳಗಿನ ಕುಂಡಕ್ಕೆ ಮಳೆಯೂ ಇಲ್ಲ.

ಕಿಟಕಿಪಕ್ಕದವಳು · ಮಾರ್ಚ್ 16

ಫಿಲ್ಟರ್ ಸರ್ವಿಸಿನವರು ಬಂದಿದ್ದರು. ನೀರಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ತೋರಿಸುವ, ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಇಟ್ಟುಕೊಂಡಿರುತ್ತಾರಲ್ಲ, ಅದನ್ನು ಕೇಳಿ ಅಳೆದೆ. ನಲ್ಲಿ ನೀರು 780. ಕುಡಿಯುವ ನೀರು 40. ಬಕೆಟ್ಟಿನ ನೀರು 1030. ಮನೆಯ ಮುಂದಿನ ಕಾವೇರಿ ಕೊಳಾಯಿಯದ್ದು 200ರ ಆಸುಪಾಸು. ‘ಗಿಡಕ್ಕೆ ಅಳೆಯೋರನ್ನ ಇವತ್ತೇ ನೋಡಿದ್ದು ಮೇಡಂ’ ಅಂದು ನಕ್ಕು ಹೋದರು.

ಈಗ ಏನು ಮಾಡಲಿ? ಕುಡಿಯುವ ನೀರನ್ನೇ ಹಾಕಲಾ?

ಮೈಸೂರು ತಾರಸಿ · ಮಾರ್ಚ್ 16

ಬೇಡ, ಬೇಡ. ಒಂದು ಲೀಟರ್ ಗಿಡಕ್ಕೆ ಹಾಕಲು ಮೂರು ಲೀಟರ್ ಚೆಲ್ಲುವುದು ಯಾವ ನ್ಯಾಯ? ಕಾವೇರಿ ನೀರು ಬರುವ ದಿನ, ನೆಲದಡಿಯ ಸಂಪ್ ಟ್ಯಾಂಕಿಗೆ ಬಿದ್ದು ಬೋರ್ ನೀರಿನ ಜೊತೆ ಸೇರುವ ಮೊದಲೇ ಎರಡು ಬಕೆಟ್ ಹಿಡಿದಿಡಿ. ನಿಮ್ಮ ಒಂದು ಕುಂಡಕ್ಕೆ ಅಷ್ಟು ಧಾರಾಳ.

ಗಿಡವನ್ನು ನೆರಳಿನಲ್ಲಿಟ್ಟು ತಟ್ಟೆ ತೆಗೆಯಿರಿ. ಮೇಲಿನ ಬಿಳಿ ಪದರವನ್ನು ಚಮಚದಲ್ಲಿ ಕೆರೆದು ಎಸೆಯಿರಿ. ಎಂಟು ಇಂಚಿನ ಕುಂಡ ಸುಮಾರು ನಾಲ್ಕೈದು ಲೀಟರ್ ಹಿಡಿಯುತ್ತದೆ. ಅದರ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ, ಬಿಟ್ಟು ಬಿಟ್ಟು ಸುರಿಯಿರಿ. ಕೆಳಗಿಂದ ಧಾರೆಯಾಗಿ ಹೋಗಬೇಕು. ಉಪ್ಪನ್ನು ಓಡಿಸಲು ಇದೊಂದೇ ದಾರಿ. ಯಾವ ಔಷಧಿಯೂ ಇಲ್ಲ.

ಕಪ್ಪಾದ ಕಡ್ಡಿಗಳನ್ನು ಕತ್ತರಿಸಿ. ಕತ್ತರಿಸಿದ ಕಡೆ ನಡುವಿನ ತಿರುಳು ನೋಡಿ, ಕಂದಾಗಿದ್ದರೆ ಇನ್ನೂ ಅರ್ಧ ಇಂಚು ಕೆಳಗೆ ಹೋಗಿ. ಬಿಳಿ, ತಿಳಿ ಹಸಿರು ಕಾಣುವ ತನಕ. ಕತ್ತರಿಯನ್ನು ಮೊದಲು ಸ್ಪಿರಿಟಿನಲ್ಲಿ ಒರೆಸಿಕೊಳ್ಳಿ.

ಕಿಟಕಿಪಕ್ಕದವಳು · ಮಾರ್ಚ್ 17

ಸುರಿದೆ ಸರ್. ಆದರೆ ವಿಚಿತ್ರ. ಸುರಿದ ನೀರು ಎರಡೇ ಸೆಕೆಂಡಿಗೆ ಕೆಳಗಿಂದ ಬಂದುಬಿಡುತ್ತದೆ. ಮೇಲಿನ ಮಣ್ಣಿಗೆ ಬೆರಳು ಹಾಕಿದರೆ ನಡುವೆ ಕಲ್ಲಿನ ಹಾಗೆ ಗಟ್ಟಿ.

ಮಾರ್ಕೆಟ್ ಮಗ · ಮಾರ್ಚ್ 17

ನಮ್ಮದು ಹೂವಿನ ವ್ಯಾಪಾರ. ಗಿಡ ಮಾರುವ ಗೆಳೆಯರೂ ಇದ್ದಾರೆ, ಅವರಿಂದ ತಿಳಿದದ್ದು ಹೇಳುತ್ತೇನೆ. ಮೊದಲಿಗೆ, ಕೆ.ಆರ್. ಮಾರ್ಕೆಟ್ಟಿಗೆ ಹಾರಕ್ಕೆ ಅಂತ ಕೆಜಿ ಲೆಕ್ಕದಲ್ಲಿ ಬರುವ ‘ಬಟನ್ಸ್’ ಹೊಲದಲ್ಲಿ ಬೆಳೆಯುವ ಗಿಡದ್ದು. ನರ್ಸರಿಯವರು ಸಣ್ಣ ಹೂವಿನ ಗುಲಾಬಿಗೆಲ್ಲ ಬಟನ್, ಕಾಶ್ಮೀರಿ ಅಂತ ಯಾವುದೋ ಒಂದು ಹೆಸರು ಹೇಳುತ್ತಾರೆ. ಕಾಶ್ಮೀರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬೆಂಗಳೂರಿನ ಎಷ್ಟೋ ನರ್ಸರಿಗಳಿಗೆ ಗಿಡ ಬರುವುದು ಪುಣೆ ಕಡೆಯಿಂದ, ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ. ದಾರಿಯಲ್ಲಿ ಬೇರು ಅಲುಗಾಡದಿರಲಿ ಅಂತ ಜಿಗುಟು ಮಣ್ಣಿನ ಮುದ್ದೆ ಕಟ್ಟಿರುತ್ತಾರೆ. ಆ ಮುದ್ದೆ ಒಮ್ಮೆ ಪೂರ್ತಿ ಒಣಗಿದರೆ ಇಟ್ಟಿಗೆ. ನೀರು ಸುತ್ತಲೂ ಜಾರಿ ಹೋಗುತ್ತದೆ, ಒಳಗೆ ಹೋಗುವುದಿಲ್ಲ. ನೀವು ಮುದ್ದೆ ಸಮೇತ ಇಟ್ಟೆ ಅಂದಿರಲ್ಲ.

ಕಿಟಕಿಪಕ್ಕದವಳು · ಮಾರ್ಚ್ 17

ಅಂದರೆ ಒಂದಲ್ಲ, ಎರಡು ತಪ್ಪು.

ಮ್ಯೂನಿಕ್ ಮಲ್ಲಿಗೆ · ಮಾರ್ಚ್ 17

ಆದರೆ ಈ ಸ್ಥಿತಿಯಲ್ಲಿ ಬೇರು ಕೆದಕಿದರೆ ಗಿಡ ಉಳಿಯುತ್ತದಾ? ಸೊರಗಿದ ಗಿಡದ ಕುಂಡ ಬದಲಿಸಬೇಡಿ ಅಂತಲೇ ಎಲ್ಲ ಕಡೆ ಓದಿದ್ದೇನೆ.

ಮೈಸೂರು ತಾರಸಿ · ಮಾರ್ಚ್ 17

ನೀವು ಹೇಳುವುದು ಸರಿ, ಕಾರಣ ಮಣ್ಣಲ್ಲಿ ಇಲ್ಲದಿದ್ದಾಗ. ಇಲ್ಲಿ ರೋಗ ಇರುವುದೇ ಮಣ್ಣಲ್ಲಿ. ಕಾದರೂ ಹೋಗುತ್ತದೆ. ಆದರೆ ಬೇರನ್ನು ಪೂರ್ತಿ ಬತ್ತಲೆ ಮಾಡಬಾರದು, ಅದೂ ಈ ಸೆಖೆಯಲ್ಲಿ.

ಸಂಜೆ ಐದರ ಮೇಲೆ ಮಾಡಿ. ಮುದ್ದೆಯನ್ನು ಬಕೆಟ್ ಕಾವೇರಿ ನೀರಲ್ಲಿ ಒಂದು ಗಂಟೆ ಮುಳುಗಿಸಿ. ಗುಳ್ಳೆ ಬರುವುದು ನಿಂತ ಮೇಲೆ ಹೊರಗಿನ ಜೇಡಿ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಕಳಚಿ. ತಾನಾಗಿ ಬಂದಷ್ಟು ಮಾತ್ರ, ನಡುವಿನದ್ದು ಇರಲಿ. ಹೊಸ ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಸೆಗಣಿ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕುವುದಾದರೆ ಚೆನ್ನಾಗಿ ತೊಳೆದು ಹಾಕಿ, ಅದರಲ್ಲೂ ಉಪ್ಪಿರುತ್ತದೆ. ಒಂದು ವಾರ ನೆರಳು. ಆಮೇಲೆ ಮತ್ತೆ ಬೆಳಗಿನ ಬಿಸಿಲು.

ಕಿಟಕಿಪಕ್ಕದವಳು · ಮಾರ್ಚ್ 19

ಮಾಡಿದೆ. ಬಕೆಟ್ಟಿನಲ್ಲಿ ಇಟ್ಟ ತಕ್ಷಣ ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ. ಇಪ್ಪತ್ತು ನಿಮಿಷ ಬರುತ್ತಲೇ ಇತ್ತು. ದಿನಾ ನೀರು ಹಾಕುತ್ತಿದ್ದ ಗಿಡದ ಬುಡ ಒಳಗೆ ಅಷ್ಟು ಒಣಗಿತ್ತು! ಮಣ್ಣು ಕಳಚಿದರೆ ಬೇರು ಮುದ್ದೆ ಬಿಟ್ಟು ಒಂದಿಂಚೂ ಆಚೆ ಬಂದಿಲ್ಲ. ತುದಿಗಳು ಕಂದು. ನಡುವೆ ಮಾತ್ರ ಬೆಳ್ಳಗೆ ನಾಲ್ಕಾರು ಎಳೆ. ಕಡ್ಡಿಗಳನ್ನು ಕತ್ತರಿಸಿ ಈಗ ಉಳಿದಿರುವುದು ಗೇಣುದ್ದದ ಮೂರು ಕೊಂಬೆ, ಒಂಬತ್ತು ಎಲೆ. ಯಜಮಾನರು ನೋಡಿ ‘ಇದಕ್ಕೆ ಇಷ್ಟು ಸಂಭ್ರಮವಾ?’ ಅಂದರು.

ಹೊಸಪೇಟೆ ಬಿಸಿಲು · ಮಾರ್ಚ್ 19

ಒಂಬತ್ತು ಎಲೆ ಇದ್ದರೆ ಜೀವ ಇದೆ. ನನ್ನದು ಒಮ್ಮೆ ಎರಡು ಎಲೆಯಿಂದ ಎದ್ದಿದೆ.

ಕಿಟಕಿಪಕ್ಕದವಳು · ಏಪ್ರಿಲ್ 6

ಚಿಗುರು! ಕೆಂಪಗೆ, ಅಕ್ಕಿ ಕಾಳಿನಷ್ಟು, ಮೂರು ಕಡೆ. ಬುಡದಿಂದಲೂ ಒಂದು ದಪ್ಪ ಚಿಗುರು ಎದ್ದಿದೆ. ಅದರಲ್ಲಿ ಒಂದು ಎಲೆಕಡ್ಡಿಗೆ ಏಳು ಪುಟ್ಟ ಎಲೆ ಇದೆ. ಏಳು ಎಲೆ ಬಂದರೆ ಕಾಡು ಗುಲಾಬಿ, ಕಿತ್ತುಹಾಕಿ ಅಂತ ಅಮ್ಮ ಹೇಳುತ್ತಿದ್ದಾರೆ. ಕೀಳಲಾ?

ಕರಾವಳಿ ಕನಕಾಂಬರ · ಏಪ್ರಿಲ್ 6

ಕೀಳಿ. ನಮ್ಮಲ್ಲೂ ಹಾಗೇ ಕಾಡು ಗಿಡ ಎದ್ದು ಕಸಿ ಸತ್ತೇ ಹೋಯಿತು.

ಮೈಸೂರು ತಾರಸಿ · ಏಪ್ರಿಲ್ 6

ಕೀಳಬೇಡಿ, ನಿಲ್ಲಿ! ದೊಡ್ಡ ಹೂವಿನ ಗುಲಾಬಿಯನ್ನು ಸಾಮಾನ್ಯವಾಗಿ ಕಾಡು ಗುಲಾಬಿಯ ಬುಡಕ್ಕೆ ಕಣ್ಣು ಕಸಿ ಮಾಡಿರುತ್ತಾರೆ. ಅಲ್ಲಿ ಕಸಿ ಗಂಟಿನ ಕೆಳಗಿಂದ ಬಂದದ್ದನ್ನು ತೆಗೆಯಬೇಕು. ಈ ಪುಟ್ಟ ಗುಲಾಬಿಗಳು ಬಹುಪಾಲು ಕಡ್ಡಿ ನೆಟ್ಟು ಬೆಳೆಸಿದವು, ಸ್ವಂತ ಬೇರು. ಬುಡದಿಂದ ಬಂದರೂ ಅದೇ ಗಿಡ. ಬುಡದಲ್ಲಿ ಗಂಟು ಇದೆಯಾ ನೋಡಿ. ಇಲ್ಲ ಅಂದರೆ ಆ ದಪ್ಪ ಚಿಗುರೇ ನಿಮ್ಮ ಮುಂದಿನ ಗಿಡ. ಎಲೆ ಎಣಿಸಿ ಜಾತಿ ಹೇಳುವುದು ನಂಬುವ ಲೆಕ್ಕ ಅಲ್ಲ, ಒಳ್ಳೆಯ ಗುಲಾಬಿಗೂ ಏಳು ಬರುತ್ತದೆ.

ಮ್ಯೂನಿಕ್ ಮಲ್ಲಿಗೆ · ಏಪ್ರಿಲ್ 6

ಸ್ವಂತ ಬೇರಿನ ಮಾತು ಬಂತಲ್ಲ, ಒಂದು ಹರಟೆ. ಈ ಪುಟ್ಟ ಗುಲಾಬಿಗಳ ಮೂಲ ಚೀನಾ. ಯುರೋಪಿನಲ್ಲಿ ಜನ ಮರೆತೇಬಿಟ್ಟಿದ್ದರು. ಆಮೇಲೆ ಸ್ವಿಟ್ಜರ್‌ಲ್ಯಾಂಡಿನ ಹಳ್ಳಿಯ ಮನೆಯೊಂದರ ಕಿಟಕಿಯಲ್ಲಿ, ಕುಂಡದಲ್ಲಿ ಸಿಕ್ಕಿತು. ರೂಲೆ ಎಂಬ ಅಧಿಕಾರಿ ತೋರಿಸಿಕೊಟ್ಟ ಅದಕ್ಕೆ ಹೆನ್ರಿ ಕೊರೆವೊನ್ ಎಂಬ ಸಸ್ಯ ತಜ್ಞರು ರೂಲೆಯದೇ ಹೆಸರಿಟ್ಟರು. ಮುಂದೆ ಕ್ಯಾಲಿಫೋರ್ನಿಯಾದ ರಾಲ್ಫ್ ಮೂರ್ ಇಂಥ ತಳಿಗಳನ್ನು ಮಾಡುವುದರಲ್ಲೇ ಜೀವನ ಕಳೆದರು, 2009ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಅಂತೂ ಕಿಟಕಿಪಕ್ಕದವಳೇ, ನಿಮ್ಮ ಹೆಸರು ಸರಿಯಾಗೇ ಇದೆ.

ಕಿಟಕಿಪಕ್ಕದವಳು · ಏಪ್ರಿಲ್ 6

ಗಂಟು ಇಲ್ಲ! ಕೀಳಲಿಲ್ಲ. ಅಮ್ಮನಿಗೆ ಸ್ವಿಟ್ಜರ್‌ಲ್ಯಾಂಡ್ ಕಥೆ ಹೇಳಿ ಬಾಯಿ ಮುಚ್ಚಿಸಿದೆ. ಈಗ ಗೊಬ್ಬರ ಕೊಡಬಹುದಾ?

ಧಾರವಾಡ ಪೇಢೆ · ಏಪ್ರಿಲ್ 7

ಈಗ ಗಂಜಿ ಕೊಡ್ರಿ. ಒಂದು ಹಿಡಿ ಶೇಂಗಾ ಹಿಂಡಿ ಮೂರು ನಾಲ್ಕು ದಿನ ನೀರಾಗ ನೆನಸ್ರಿ. ಮೇಲಿನ ತಿಳಿಗೆ ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಒಂದು ಲೋಟ. ವಾಸನೆ ಮಾತ್ರ ದೇವರಿಗೇ ಪ್ರೀತಿ. ಕೆಳಗಿನ ಮನಿಯವರು ಊರಾಗ ಇಲ್ಲದ ದಿನ ಹಾಕ್ರಿ.

ಕಿಟಕಿಪಕ್ಕದವಳು · ಏಪ್ರಿಲ್ 24

ನಿನ್ನೆ ಸಂಜೆ ಮೊದಲ ಮಳೆ. ಓಡಿ ಹೋಗಿ ಕುಂಡವನ್ನು ತಾರಸಿಗೆ ಇಟ್ಟು ಬಂದೆ. ಪಾತ್ರೆ, ಟಬ್ಬು, ಪ್ರೆಶರ್ ಕುಕ್ಕರ್ ಎಲ್ಲದರಲ್ಲೂ ನೀರು ಹಿಡಿದೆವು. ಆರು ಮೊಗ್ಗು ಇವೆ. ಫಿಲ್ಟರ್ ಬಕೆಟ್ಟಿನ ನೀರು ಈಗ ನೆಲ ಒರೆಸಲು, ಬಾತ್‌ರೂಮ್ ತೊಳೆಯಲು.

ಕಿಟಕಿಪಕ್ಕದವಳು · ಮೇ 11

ಮೊದಲ ಹೂ ನಿನ್ನೆ ಅರಳಿತು. ಜನವರಿಯಲ್ಲಿದ್ದಷ್ಟು ಕಡು ಬಣ್ಣ ಇಲ್ಲ, ಸೆಖೆಗೋ ಏನೋ, ಗಾತ್ರವೂ ಕಡಿಮೆ. ರಾತ್ರಿಯೆಲ್ಲ ಫೋಟೋ ಹಾಕೋಣ ಅಂತ ಕಾದೆ. ಬೆಳಗ್ಗೆ ಎದ್ದು ಬಾಲ್ಕನಿಗೆ ಬಂದರೆ ಹೂ ಇಲ್ಲ. ಅಮ್ಮ ಸ್ನಾನ ಮಾಡಿ ಕಿತ್ತು ರಾಯರ ಪಟಕ್ಕೆ ಮುಡಿಸಿಬಿಟ್ಟಿದ್ದಾರೆ! ‘ಮೊದಲ ಹೂ ದೇವರಿಗಲ್ಲದೆ ಇನ್ಯಾರಿಗೆ’ ಅಂತ ನನಗೇ ಗದರಿದರು. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ.

ಧಾರವಾಡ ಪೇಢೆ · ಮೇ 11

ಪಟದ ಫೋಟೋನೇ ಹಾಕ್ರಿ ಅಕ್ಕಾರ.

ಮೈಸೂರು ತಾರಸಿ · ಮೇ 11

ಅಮ್ಮ ಎಲ್ಲಿಗೆ ಕಿತ್ತರು? ಬರೀ ತೊಟ್ಟಾ? ಹಾಗಾದರೆ ಕತ್ತರಿ ತಗೊಂಡು ಹೋಗಿ, ಐದು ಪುಟ್ಟ ಎಲೆ ಇರುವ ಮೊದಲ ಎಲೆಕಡ್ಡಿ ಕಾಣುತ್ತದಲ್ಲ, ಅದರ ಸ್ವಲ್ಪ ಮೇಲೆ ಕತ್ತರಿಸಿ. ಅಲ್ಲಿಂದಲೇ ಮುಂದಿನ ಹೂವಿನ ಕೊಂಬೆ ಬರುವುದು. ಆರೇಳು ವಾರ.

ಕಿಟಕಿಪಕ್ಕದವಳು · ಮೇ 11

ಬರೀ ತೊಟ್ಟು ಸರ್. ಕತ್ತರಿಸಿದೆ. ಉಳಿದ ಐದು ಮೊಗ್ಗಿನಲ್ಲಿ ಎರಡು ನನಗೆ, ಮೂರು ರಾಯರಿಗೆ ಅಂತ ಅಮ್ಮನ ಜೊತೆ ಒಪ್ಪಂದ ಆಗಿದೆ.